ರಕ್ಕಸ ಬರುವ ಮೂರನೇ ಪುಟ

ಕನ್ನಡಕದಂಗಡಿಯಲ್ಲಿ ಗಿರಾಕಿಗಳ ಕೈಗೆ ಕೊಟ್ಟು ಓದಿಸುವ ಸಣ್ಣಕ್ಷರದ ಹಾಳೆ ಅವತ್ತು ಬೆಳಿಗ್ಗೆ ಎಲ್ಲೋ ಕಳೆದುಹೋಯಿತು. ಅಂಗಡಿಯ ಯಜಮಾನರು, ಅಂದರೆ ನಮ್ಮ ದೊಡ್ಡಳಿಯನ ಮಾವ, ಮೇಜಿನ ಮೇಲಿದ್ದ ಟೈಪ್ ಮಾಡಿದ ಕಾಗದದ ಕಟ್ಟೊಂದನ್ನು ಎತ್ತಿಕೊಂಡರು.

ಲೆನ್ಸ್ ಒರೆಸುತ್ತಿದ್ದ ದೊಡ್ಡಳಿಯ ಎದ್ದು ಓಡಿಬಂದ. ಅದು ಅವನು ಎರಡು ವರ್ಷ ಕದ್ದುಮುಚ್ಚಿ ಬರೆದು, ಹಾಳು ಮರೆವಿನಿಂದ ಅಲ್ಲಿ ಬಿಟ್ಟಿದ್ದ ಮಹಾಸಾಹಸಿ ಮಿಂಚುಗತ್ತಿಯ ಜೀವನಚರಿತ್ರೆ! ಹಲ್ಲಿ ಕಂಡರೆ ಸ್ಟೂಲು ಹತ್ತುವ ಪುಣ್ಯಾತ್ಮ, ಕಾಗದದ ಮೇಲೆ ಮಾತ್ರ ಬೆಂಕಿ ಉಗುಳುವ ಘಟಸರ್ಪಗಳನ್ನು ಬಾಲ ಹಿಡಿದು ತಿರುಗಿಸುತ್ತಿದ್ದ.

"ಮಾವ, ಅದು ಬೇಡ, ಬೇರೆ ಕೊಡ್ತೀನಿ..."

"ಸುಮ್ನಿರಯ್ಯ, ಅಕ್ಷರ ಸಣ್ಣಗಿದೆ, ಇದೇ ಇರಲಿ."

ಮೊದಲು ಬಂದ ದರ್ಜಿ ಗಟ್ಟಿಯಾಗಿ ಓದಿದ: "ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಹುಟ್ಟಿದ ಮಿಂಚುಗತ್ತಿಯು ಏಳನೇ ವಯಸ್ಸಿಗೇ ತೋಳವೊಂದರ ಕಿವಿ ಹಿಂಡಿದನು."

"ಚೆನ್ನಾಗಿ ಕಾಣ್ತಿದೆಯಾ?"

"ಕಾಣೋದು ಹಾಗಿರಲಿ ಸ್ವಾಮಿ, ತೋಳ ಏನು ಮಾಡ್ತು?"

ಆಮೇಲೆ ಬಂದ ನರ್ಸಮ್ಮ ಎರಡನೇ ಪುಟಕ್ಕೆ ಹೋಗಿ, ಮಿಂಚುಗತ್ತಿಯನ್ನು ಗಾಜಿನ ಬೆಟ್ಟ ಹತ್ತಿಸಿಯೇ ಎದ್ದಳು.

ದೊಡ್ಡಳಿಯ ಮನಸ್ಸಲ್ಲೇ ಪುಟ ಎಣಿಸಿದ. ಮೂರನೇ ಪುಟದಲ್ಲಿ ರಕ್ಕಸ ಬರುತ್ತಾನೆ. ಕನ್ನಡಕವನ್ನು ಹಣೆಗೇರಿಸಿಕೊಂಡು, ಅದನ್ನೇ ಗುಹೆಯೆಲ್ಲ ಹುಡುಕುತ್ತಾ, ಸಿಕ್ಕಸಿಕ್ಕವರನ್ನು ಗದರುವ ರಕ್ಕಸ. ಮಾವನ ಹಣೆಯ ಮೇಲೆ ಈಗಲೂ ಒಂದು ಕನ್ನಡಕವಿತ್ತು! ಅದೂ ಎಂಥ ದಿನ? ಹೊಸ ಅಂಗಡಿಯ ಉಸ್ತುವಾರಿ ದೊಡ್ಡಳಿಯನಿಗೋ ಚಿಕ್ಕಳಿಯನಿಗೋ ಎಂದು ಸಂಜೆ ಹೇಳುತ್ತೇನೆಂದಿದ್ದರು ಮಾವ. ಅವರ ಕಣ್ಗಾವಲಿನಿಂದ ತಪ್ಪಿಸಿಕೊಳ್ಳುವ ಆ ಒಂದೇ ದಾರಿಗಾಗಿ ಅವನು ಹನ್ನೊಂದು ವರ್ಷದಿಂದ ಕಾದಿದ್ದ.

ಇನ್ನು ಯಾರಿಗೂ ಓದಲು ಆಗಬಾರದು! ದೊಡ್ಡಳಿಯ ಬೇಕೆಂದೇ ತಪ್ಪು ಲೆನ್ಸ್ ಹಾಕಿಕೊಡತೊಡಗಿದ.

"ಬರೀ ಮಂಜು!" ಅಂದ ಬಸ್ಸಿನ ಡ್ರೈವರು.

"ನಿಮ್ಮ ತಲೆ ಎರಡಾಗಿ ಕಾಣ್ತಿದೆ," ಅಂದ ಬಡಗಿ.

"ಒಂದು ಲೆನ್ಸ್ ನೆಟ್ಟಗೆ ಹಾಕೋಕೆ ಬರಲ್ವೇನೋ ನಿಂಗೆ!" ಎಂದು ಮಾವ ಗುಡುಗಿದರು.

ಮಧ್ಯಾಹ್ನ ರಿಟೈರಾದ ಟೀಚರಮ್ಮ ಬಂದರು. ದೊಡ್ಡಳಿಯ ಕೊಟ್ಟ ಫ್ರೇಮನ್ನು ಕಿತ್ತು ಪಕ್ಕಕ್ಕಿಟ್ಟು, ಚೀಲದಿಂದ ತಮ್ಮ ಹಳೇ ಕನ್ನಡಕ ತೆಗೆದು, ರಕ್ಕಸನನ್ನು ಆಮೂಲಾಗ್ರವಾಗಿ ಓದಿಬಿಟ್ಟರು.

ಮಾವ ಮೆಲ್ಲಗೆ ಹಣೆ ಮುಟ್ಟಿ ನೋಡಿಕೊಂಡರು. ಮುಖ ಕೆಂಪಾಯಿತು.

"ಯಾರು ಬರೆದದ್ದಿದು?"

ದೊಡ್ಡಳಿಯನ ನಾಲಿಗೆ ಅವನ ಅಪ್ಪಣೆಗೆ ಕಾಯಲಿಲ್ಲ. "ಚಿಕ್ಕಳಿಯ, ಮಾವ! ನಾನು ಬೇಡ ಬೇಡ ಅಂದೆ!"

ಮಾವನ ಹೊಟ್ಟೆ ಕುಲುಕಿತು. ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕಟ್ಟಿಕೊಂಡವಳೂ ನನ್ನನ್ನ ಇಷ್ಟು ಗಮನಿಸಿ ನೋಡಿಲ್ಲ ಟೀಚರಮ್ಮ! ನಮ್ಮ ವ್ಯಾಪಾರಕ್ಕೆ ಬೇಕಾದ್ದು ಇಂಥ ಕಣ್ಣು!" ಎಂದವರೇ ಫೋನೆತ್ತಿದರು. "ಲೋ ಚಿಕ್ಕಳಿಯ, ಹೊಸ ಅಂಗಡಿ ನಿಂದೇ ಕಣೋ!"

ಆ ಕಡೆಯವನು ಏನು ಎತ್ತ ಅಂತ ಒಂದು ಮಾತೂ ಕೇಳದೆ ಒಪ್ಪಿಕೊಂಡ.

"ಮಾವ," ದೊಡ್ಡಳಿಯ ಮುಂದೆ ಬಂದ, "ನಿಜ ಹೇಳ್ತೀನಿ, ಅದನ್ನ ಬರೆದದ್ದು ನಾನು!"

ಮಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇನ್ನೊಬ್ಬ ಕಷ್ಟಪಟ್ಟು ಬರೆದದ್ದನ್ನ ನಂದು ಅಂತೀಯಲ್ಲೋ, ನಾಚಿಕೆ ಆಗಲ್ವಾ?"

"ಕ್ಲಾಸಿಗೊಬ್ಬ ಇಂಥೋನು ಇದ್ದೇ ಇರ್ತಾನೆ ಬಿಡಿ," ಎಂದು ಟೀಚರಮ್ಮ ನಾಲ್ಕನೇ ಪುಟ ತಿರುವಿದರು.