ಪೆಟ್ರೋಲು ಉಳಿಸಲು ಮನೆಯಲ್ಲಿ ಕುಳಿತದ್ದು

ಹಾವಿಗೆ, ಭೂತಕ್ಕೆ ಹೆದರುವವರನ್ನು ಬೇಕಾದಷ್ಟು ಕಂಡಿದ್ದೇನೆ. ನಾನು ಹೆದರುವುದು ರಜೆಗೆ. ನಾನಿಲ್ಲದೆಯೂ ಆಫೀಸು ನಡೆಯುತ್ತದೆಂದು ಯಾರಿಗಾದರೂ ಗೊತ್ತಾಗಿಬಿಟ್ಟರೆ? ಇಂಥ ನನ್ನನ್ನು, ಎಪ್ಪತ್ತರ ದಶಕದಲ್ಲಿ ಪೆಟ್ರೋಲಿನ ಬೆಲೆ ಏರಿದಾಗ, ನಮ್ಮ ಹಂಚಿನ ಕಾರ್ಖಾನೆಯ ಮ್ಯಾನೇಜರ್ ರಾಯರು ಕರೆದರು. "ಶೆಟ್ರೇ, ಪರದೇಶದಲ್ಲಿ ಸಂಶೋಧನೆ ನಡೀತಾ ಉಂಟಂತೆ. ಜನ ಮನೆಯಲ್ಲೇ ಕೆಲಸ ಮಾಡಿದ್ರೆ ಪೆಟ್ರೋಲ್ ಉಳೀತದೆ, ಹೊಗೆಯೂ ಕಡಿಮೆ. ನಿಮ್ಮೊಬ್ಬರಿಗಾಗಿ ಆಫೀಸಿನ ವ್ಯಾನು ಬಜಪೆಯ ನಿಮ್ಮ ಮನೆವರೆಗೆ ಹೋಗ್ತದಲ್ಲ? ನಿಮ್ಮಿಂದಲೇ ಸುರು ಮಾಡುವ."

ಹೀಗೆ ನಾನೂ ನನ್ನ ಟೈಪ್‌ರೈಟರೂ ಒಟ್ಟಿಗೆ ಮನೆ ಸೇರಿದೆವು. ಕಾಗದಗಳು ಬಸ್ ಕಂಡಕ್ಟರನ ಕೈಯಲ್ಲಿ ಬಂದು ಹೋಗುತ್ತಿದ್ದವು. ಇವತ್ತು ಪೆಟ್ರೋಲು ಉಳಿಸಿದವರು ನಾಳೆ ನನ್ನ ಸಂಬಳವನ್ನೂ ಉಳಿಸಿದರೆ ಎಂಬ ಯೋಚನೆಯಲ್ಲಿ ಒಂದೇ ಪತ್ರವನ್ನು ಮೂರು ಸಲ ಟೈಪ್ ಮಾಡುತ್ತಿದ್ದೆ. ಹೆದರಿಕೆಗೆ ಗಳಿಗೆಗೊಮ್ಮೆ ಚಾ ಕೇಳುತ್ತಿದ್ದೆ. ಹೆಂಡತಿ ಜಲಜ ಒಲೆ ಊದಿ ಊದಿ ಸೋತು, "ಆಫೀಸಿನ ಪೆಟ್ರೋಲ್ ಉಳಿಯಿತು, ಸರಿ. ನನ್ನ ಸೌದೆ ಮುಗಿಯಿತಲ್ಲ, ಅದು ಯಾವ ಸಂಶೋಧನೆ?" ಎಂದಳು.

ಅಷ್ಟರಲ್ಲಿ ಪಕ್ಕದ ಮನೆಯ ಮೇರಿ ಬಾಯಿ ಬಂದರು. ದನಿ ತಗ್ಗಿಸಿ, "ಶೆಟ್ರೇ, ಹೆದರಬೇಡಿ. ನನ್ನ ಮಗ ದುಬೈಯಲ್ಲಿ ಇದ್ದಾನಲ್ಲ, ನಿಮಗೆ ಎಂತಾದರೂ ಕೆಲಸ ನೋಡ್ತಾನೆ. ಸಸ್ಪೆಂಡ್ ಎಲ್ಲ ದೊಡ್ಡ ವಿಷಯ ಅಲ್ಲ," ಎಂದರು. ಊರಿಗೆಲ್ಲ ಗೊತ್ತಾದ ವಿಷಯ ನನಗೆ ಮಾತ್ರ ತಿಳಿದಿಲ್ಲವೇನೋ!

ಸಿಕ್ಕಿದ ಬಸ್ಸು ಹತ್ತಿ ಆಫೀಸಿಗೆ ಓಡಿದೆ. ರಾಯರು ತಮ್ಮ ಕೋಣೆಯ ಹೊರಗೆ ಬೆವರುತ್ತಾ ನಿಂತಿದ್ದರು. "ಶೆಟ್ರೇ, ನಿಮ್ಮದು ಸುಸೂತ್ರ ಆಯ್ತೆಂದು ಧಣಿಗಳು ನನಗೂ ಮನೆಯಲ್ಲೇ ಇರ್ಲಿಕ್ಕೆ ಹೇಳಿದ್ದಾರೆ. ನನ್ನನ್ನು ತೆಗೀಲಿಕ್ಕಾ ಎಂತ ಮಾರಾಯ್ರೆ?"

ನಾಚಿಕೆಯಿಲ್ಲದೆ ಹೇಳುತ್ತೇನೆ, ಅವರ ಹೆದರಿಕೆ ನೋಡಿ ನನ್ನದು ಅರ್ಧ ಇಳಿಯಿತು. ಇಬ್ಬರೂ ಒಟ್ಟಿಗೇ ಧಣಿಗಳ ಮುಂದೆ ನಿಂತೆವು. ಮನೆಯಲ್ಲಿ ಕೂತರೆ ಸೌದೆ ಖರ್ಚು, ಆಫೀಸೇ ವಾಸಿ ಎಂದು ನಾನು ತೊದಲಿದೆ. ಧಣಿಗಳು ನಕ್ಕುಬಿಟ್ಟರು. "ಯಾರನ್ನೂ ತೆಗೀಲಿಕ್ಕಿಲ್ಲ. ಬನ್ನಿ, ಆದರೆ ವ್ಯಾನಿಲ್ಲ. ಬಸ್ಸಲ್ಲಿ ಬನ್ನಿ."

ಅಂದಿನಿಂದ ಫುಟ್‌ಬೋರ್ಡಿನಲ್ಲಿ ತೂಗಾಡುತ್ತ ಹೋಗುತ್ತೇನೆ. ನಂತೂರಿನ ಕೂಡುರಸ್ತೆಯಲ್ಲಿ ಲಾರಿಗಳು ಕಿವಿ ಸವರಿಕೊಂಡು ಹೋಗುವಾಗ ಜೀವ ಬಾಯಿಗೆ ಬರುತ್ತದೆ. ಆಗ ದೇವರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ: ಬೀಳುವುದಿದ್ದರೆ ಬೆಳಿಗ್ಗೆಯೇ ಬೀಳಿಸಪ್ಪ, ಕೆಲಸಕ್ಕೆ ಹೊರಟಿದ್ದವನೆಂದಾದರೂ ಎಲ್ಲರಿಗೂ ತಿಳಿಯಲಿ.