ವಿದ್ಯುತ್ ಭೀಷ್ಮನ ಶರಶಯ್ಯೆ

ಮನೆಯಲ್ಲಿ ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ ಎಂದು ನಾನು ಕೊರಗಿದವನಲ್ಲ. ಕಿಮ್ಮತ್ತು ಸಿಗುವ ಜಾಗ ಬೇರೆ ಇತ್ತು. ಪ್ರೋಗ್ರಾಮಿಂಗ್, ಎಲೆಕ್ಟ್ರಾನಿಕ್ಸ್ ಕಲಿಯುವವರಿಗಾಗಿ ಇಂಟರ್‌ನೆಟ್ಟಿನಲ್ಲಿ ಹಳೆಯ ಚರ್ಚಾಕೂಟವೊಂದಿದೆ. ಒಂದು ಕಾಲಕ್ಕೆ ಸಾವಿರಾರು ಜನ ಸೇರುತ್ತಿದ್ದರು. ಕೊನೆಗೆ ಉಳಿದಿದ್ದು ಏಳೇ ಜನ. ಅವರಲ್ಲೂ ಇಬ್ಬರು ಪರಸ್ಪರ ಬೈದುಕೊಳ್ಳಲಿಕ್ಕೆ ಮಾತ್ರ ಬರುತ್ತಿದ್ದರು. ಕಚೇರಿಯಲ್ಲಿ ಬರೀ ಕಡತ ಜೋಡಿಸುವ ನಾನು ಅಲ್ಲಿ ಸಾಕ್ಷಾತ್ 'ವಿದ್ಯುತ್ ಭೀಷ್ಮ'. ಹದಿನೆಂಟು ವರ್ಷಗಳಲ್ಲಿ ನಾಲ್ಕು ಸಾವಿರ ಉತ್ತರ ಬರೆದಿದ್ದೇನೆ. (ಅದರಲ್ಲಿ ಮೂರು ಸಾವಿರದ ಒಂಬೈನೂರು, "ಕೇಳುವ ಮೊದಲು ಹಳೆಯ ಚರ್ಚೆ ಹುಡುಕಿ ಓದಿ" ಎಂಬ ಒಂದೇ ಉತ್ತರ. ಜ್ಞಾನವನ್ನು ಪುಕ್ಕಟೆ ಹಂಚಿದರೆ ಅದಕ್ಕೆ ಮರ್ಯಾದೆ ಎಲ್ಲಿ?) ನಾನು ಒಮ್ಮೆಯೂ ಒಂದು ವೈರನ್ನು ಬೆಸೆದವನಲ್ಲ ಎಂಬ ಕ್ಷುಲ್ಲಕ ಸಂಗತಿಯಿಂದ ನನ್ನ ಕೀರ್ತಿಗೆ ಯಾವ ಧಕ್ಕೆಯೂ ಆಗಿರಲಿಲ್ಲ.

ಹೀಗಿರುವಾಗ ತಾರಸಿಯ ನೀರಿನ ಟ್ಯಾಂಕು ತುಂಬಿ ಹರಿದು, ಕೆಳಮನೆಯ ದರ್ಜಿಯಮ್ಮ ಇಸ್ತ್ರಿ ಮಾಡಿ ತೂಗುಹಾಕಿದ್ದ ಗಿರಾಕಿಗಳ ಬಟ್ಟೆಗಳಿಗೆಲ್ಲ ಅಭಿಷೇಕವಾಯಿತು.

"ರೀ, ಅಷ್ಟು ದೊಡ್ಡ ಭೀಷ್ಮ ಅಂತೀರಲ್ಲ," ಎಂದಳು ಹೆಂಡತಿ. "ಟ್ಯಾಂಕ್ ತುಂಬಿದ ಕೂಡ್ಲೇ ಕೂಗೋ ಒಂದು ಅಲಾರಂ ಮಾಡಿಕೊಡಿ ನೋಡೋಣ."

"ಅದೇನು ಮಹಾ? ನನಗದು ಎಡಗೈ ಕೆಲಸ."

"ಬಲಗೈ ಖಾಲಿ ಇದೆಯಲ್ಲ, ಅದರಲ್ಲೇ ಮಾಡಿ. ಗಟ್ಟಿಯಾಗಿರುತ್ತೆ."

ಮೂರು ದಿನ ತಪಸ್ಸು ಮಾಡಿದೆ. ಎರಡು ಬೆರಳು, ಒಂದು ಮೇಜುಬಟ್ಟೆ ಸುಟ್ಟು ಅಲಾರಂ ಸಿದ್ಧವಾಯಿತು. ಟ್ಯಾಂಕು ತುಂಬಿತು, ಅಲಾರಂ ಮೌನವ್ರತ ಮುರಿಯಲಿಲ್ಲ. ಕೂಗಿದ್ದು ದರ್ಜಿಯಮ್ಮ.

"ಇನ್ನೊಂದ್ಸಲ ಹೀಗಾದ್ರೆ ಒದ್ದೆ ಬಟ್ಟೆನೆಲ್ಲ ತಂದು ನಿಮ್ಮ ಹಾಸಿಗೆ ಮೇಲೇ ಹರಡ್ತೀನಿ, ಹೇಳಿದ್ದೀನಿ!"

ಚರ್ಚಾಕೂಟದಲ್ಲಿ ಕೇಳೋಣವೆಂದರೆ, ಭೀಷ್ಮನೇ ಬಂದು 'ಕಾಪಾಡಿ' ಎನ್ನುವುದುಂಟೆ? ಫೋನಿನಲ್ಲಿ 'ಪಾಪದವ' ಎಂಬ ಹೊಸ ಹೆಸರಿನಿಂದ ಒಳಗೆ ನುಸುಳಿ, "ಅಲಾರಂ ಕೂಗುತ್ತಿಲ್ಲ, ದಯವಿಟ್ಟು ಸಹಾಯ ಮಾಡಿ" ಎಂದು ಬರೆದೆ.

ಐದೇ ನಿಮಿಷಕ್ಕೆ ಉತ್ತರ ಬಂತು: "ಕೇಳುವ ಮೊದಲು ಹಳೆಯ ಚರ್ಚೆ ಹುಡುಕಿ ಓದಿ. ಇದು ನಮ್ಮ ಭೀಷ್ಮರ ಅಪ್ಪಣೆ."

ಇನ್ನೊಬ್ಬ ಬರೆದ: "ಬೇಗ ಅಳಿಸಿಬಿಡಿ. ಭೀಷ್ಮರ ಕಣ್ಣಿಗೆ ಬಿದ್ರೆ ನಿಮ್ಮ ಚರ್ಮ ಸುಲೀತಾರೆ."

ಭೀಷ್ಮರ ಕಣ್ಣಿಗೆ ಆಗಲೇ ಬಿದ್ದಿತ್ತು; ಕಣ್ಣಲ್ಲಿ ನೀರೂ ಇತ್ತು. ಕೊನೆಗೆ 'ತುಂಡು ವೈರು' ಎಂಬವನೊಬ್ಬ ಕನಿಕರದಿಂದ, "ಒಂದು ಫೋಟೊ ಹಾಕಿ, ನೋಡೋಣ" ಎಂದ. ಅಲಾರಮ್ಮನ್ನು ಮೇಜಿನ ಮೇಲಿಟ್ಟು ಫೋಟೊ ತೆಗೆದು ಹಾಕಿದೆ. ಆಮೇಲೆ ಅವನೇ ಬರೆದ:

"ಫೋಟೊದಲ್ಲಿ ಹಿಂದುಗಡೆ ನಿಮ್ಮ ಕಂಪ್ಯೂಟರ್ ಪರದೆ ಕಾಣ್ತಿದೆ. 'ಸ್ವಾಗತ, ವಿದ್ಯುತ್ ಭೀಷ್ಮ' ಅಂತಿದೆ. ತಾವೇನಾ ಗುರುಗಳೇ?"

ಹತ್ತು ವರ್ಷದಿಂದ ಪತ್ತೆಯಿಲ್ಲದವರೆಲ್ಲ ಅಂದು ಎಲ್ಲಿಂದ ಬಂದರೋ! ನನ್ನಿಂದ ಒಂದು ಕಾಲದಲ್ಲಿ ಉಗಿಸಿಕೊಂಡ ಒಬ್ಬೊಬ್ಬನೂ ಒಂದೊಂದು ಬಾಣ ಬಿಟ್ಟ. ಸಂಜೆಯ ಹೊತ್ತಿಗೆ ಮಲಗಲು ಹಾಸಿಗೆ ಬೇಡವಾಗಿತ್ತು.

ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಹಿಂದಿನಿಂದ ಅತ್ತೆಯ ದನಿ ಕೇಳಿತು. ಅತ್ತೆ ನಮ್ಮೊಂದಿಗೇ ಇರುವವರು. ಟೆಲಿಫೋನ್ ಕಚೇರಿಯಲ್ಲಿದ್ದು ನಿವೃತ್ತರಾದವರು. ಅಲ್ಲಿ ಕೂತು "ಹಲೋ" ಎನ್ನುತ್ತಿದ್ದರೆಂದು ನಾನು ತಿಳಿದಿದ್ದೆ.

"ಅಳಿಯಂದ್ರೇ, ಆ ಕೂಗೋ ಡಬ್ಬಿಯ ಕೆಂಪು ವೈರು ಕಪ್ಪಿನ ಜಾಗದಲ್ಲಿದೆ. ಅದಲುಬದಲು ಮಾಡಿ. ಬೇಡ, ಬಿಡಿ, ನಿಮ್ಮ ಬೆರಳು ಸುಟ್ಟಿದೆ."

ಎರಡು ನಿಮಿಷದಲ್ಲಿ ಅಲಾರಂ ಮನೆ ಹಾರಿಹೋಗುವಂತೆ ಅರಚಿತು.

"ಅತ್ತೆ, ಇದೆಲ್ಲ ನಿಮಗೆ ಹೇಗೆ..."

"ಮೂವತ್ತು ವರ್ಷ ಕೆಟ್ಟ ಫೋನ್‌ಗಳನ್ನ ರಿಪೇರಿ ಮಾಡಿದ್ದು ಮತ್ತೆ ಯಾರು ಅಂದ್ಕೊಂಡ್ರಿ?"

ಅಷ್ಟಕ್ಕೇ ಬಿಡಲಿಲ್ಲ. ನನ್ನ ಫೋನು ಕಸಿದುಕೊಂಡು, ತಪ್ಪೇನು, ಸರಿ ಹೇಗೆ ಎಂದು ಚಿತ್ರ ಬರೆದು ಚರ್ಚಾಕೂಟದಲ್ಲಿ ಹಾಕಿದರು. ಈಗ ಅಲ್ಲಿ ಇನ್ನೂರು ಜನ. ಎಂಥ ದಡ್ಡ ಪ್ರಶ್ನೆ ಕೇಳಿದರೂ, "ನೋಡು ಮಗು," ಎಂದೇ ಅತ್ತೆ ಶುರು ಮಾಡುತ್ತಾರೆ. ಮನೆಯ ಮೇಜು, ಕುರ್ಚಿ, ಕಂಪ್ಯೂಟರು ಎಲ್ಲವೂ ಅವರವೇ.

ಮೊನ್ನೆ ಹೊಸಬನೊಬ್ಬ ಕೇಳಿದ: "ಅಮ್ಮಾ, ಇಲ್ಲಿ ಮೊದಲು ಯಾರೋ ಭೀಷ್ಮ ಅಂತ ಇದ್ರಂತೆ. ಈಗ ಎಲ್ಲಿದ್ದಾರೆ?"

ಅತ್ತೆ ಕನ್ನಡಕ ಸರಿಮಾಡಿಕೊಂಡು ಬರೆದರು: "ಇಲ್ಲೇ ಪಕ್ಕದಲ್ಲಿದ್ದಾರೆ ಮಗು. ನಾನು ರಿಪೇರಿ ಮಾಡುವಾಗ ಟಾರ್ಚು ತುಂಬಾ ಚೆನ್ನಾಗಿ ಹಿಡೀತಾರೆ."