ಮೂಕಪ್ಪನ ಮಧ್ಯಾಹ್ನದ ನಿದ್ದೆ

ಕಾರ್ತಿಕದ ಬಿಸಿಲಿಗೆ ಆಸ್ಪರಿ ಸುತ್ತಿನ ಹೊಲಗಳಲ್ಲಿ ಹತ್ತಿಕಾಯಿ ಒಡೆದು ಬೆಳ್ಳಗಾಗಿದ್ದವು. ಹತ್ತಿ ಬಿಡಿಸುವುದರಲ್ಲಿ ಹೆಂಗಸರ ಬೆರಳಿಗೆ ಗಂಡಸರ ಬೆರಳು ಸಾಟಿಯಲ್ಲ. ಅದಕ್ಕೇ ಸುಂಕಲಮ್ಮ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದಳು; ಗಂಡ ಮೂಕಪ್ಪ ಮನೆಯಲ್ಲಿ ಕೂತು ಅತ್ತೆಯ ಗಂಜಿಗೆ ನುಚ್ಚು ಕೇರುತ್ತಿದ್ದ. ಅತ್ತೆ, ಅಂದರೆ ಸುಂಕಲಮ್ಮನ ತಾಯಿ ಕೊಟ್ರಮ್ಮನಿಗೆ ಯುಗಾದಿಯ ಮುಂದೆ ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತಿದ್ದವು. ಅವೆರಡರ ಕೆಲಸವನ್ನೂ ಬಾಯಿ ವಹಿಸಿಕೊಂಡಿತ್ತು. ನೀರು ಕೊಡುವುದು, ಮಗ್ಗುಲು ಬದಲಿಸುವುದು, ಎಣ್ಣೆ ತಿಕ್ಕುವುದು ಎಂದು ಹಗಲು ರಾತ್ರಿ ಒಂದೇ ಆಗಿ, ಮೂಕಪ್ಪ ಕಣ್ತುಂಬ ನಿದ್ದೆ ಮಾಡಿ ತಿಂಗಳುಗಳಾಗಿದ್ದವು.

ತೊಂದರೆ ಶುರುವಾದದ್ದು ಒಂದು ಆಕಳಿಕೆಯಿಂದ. ಎದುರುಮನೆಯ ವಿಠಲರಾಯರು ಬಾಗಿಲಿಗೆ ಬಂದು ಮಾತಾಡಿಸುವಾಗ ಅವನ ಬಾಯಿ ಹತ್ತಿ ಗೋದಾಮಿನ ಬಾಗಿಲಿನಂತೆ ತೆರೆದುಕೊಂಡಿತು, ಬೇಗ ಮುಚ್ಚಲೇ ಇಲ್ಲ.

ಆದವಾನಿಯ ಆಫೀಸಿನಿಂದ ನಿವೃತ್ತರಾಗಿ ಹೋದ ವರ್ಷ ಊರಿಗೆ ಬಂದಿದ್ದ ರಾಯರಿಗೆ ಕೈತುಂಬ ಬಿಡುವು, ಫೋನ್ ತುಂಬ ಒಳ್ಳೆಯ ವಿಚಾರ.

"ಮೂಕಪ್ಪಾ, ರೋಗಿನ್ನ ಎಲ್ಲಾರೂ ಕೇಳ್ತಾರ. ನೋಡ್ಕೊಳ್ಳೋರನ್ನ ಯಾರು ಕೇಳ್ತಾರ? ಇವತ್ತು ನಿನಗ ರಜಾ. ನಿಮ್ಮತ್ತಿನ್ನ ನಾ ನೋಡ್ಕೋತೀನಿ. ನಮ್ಮ ಪಡಸಾಲ್ಯಾಗ ಹೋಗಿ ಮಲಕ್ಕೋ."

ಅಷ್ಟರಲ್ಲಿ ರಾಯರ ಹೆಂಡತಿ ತುಂಗಾಬಾಯಿ ಮಾತ್ರೆ, ಬಿಸಿನೀರು ಹಿಡಿದು ಬಂದರು. ರಾಯರು ಅತ್ತ ನೋಡದೆಯೇ ಮಾತ್ರೆ ನುಂಗಿ, ಲೋಟ ಹಿಂದಕ್ಕೆ ಕೊಟ್ಟು, ಮಾತು ಮುಂದುವರಿಸಿದರು: "ನಿನ್ನಂಥವರ ಸೇವಾ ಯಾರ ಕಣ್ಣಿಗೂ ಬೀಳೋದಿಲ್ಲ ನೋಡು!"

"ಅದಲ್ರಿ ರಾಯರೇ, ನಮ್ಮತ್ತಿ ಮಾತಾಡೋದು ಒಂಥರಾ ಐತಿ..."

"ಇಪ್ಪತ್ತು ಮಂದಿ ಗುಮಾಸ್ತರನ್ನ ಸಂಭಾಳಿಸಿದಾಂವ ನಾನು. ಒಬ್ಬ ಮುದುಕಿ ಏನು ಮಹಾ! ನಡಿ ನಡಿ."

ಮೂಕಪ್ಪ ಹೇಳಬೇಕೆಂದಿದ್ದದ್ದು ಇಷ್ಟೇ. ಕೊಟ್ರಮ್ಮ ಹಳೆಯ ಮರ್ಯಾದೆಯ ಹೆಂಗಸು. ಅಳಿಯನಿಗೆ ನೇರವಾಗಿ ಒಂದು ಮಾತೂ ಆಡಿದವಳಲ್ಲ. ಬೇಕಾದದ್ದನ್ನೆಲ್ಲ ಅಂಗಳದಲ್ಲಿ ಕಟ್ಟಿದ ಮೇಕೆಗೆ ಹೇಳುತ್ತಿದ್ದಳು. ಮೇಕೆಗೆ ಬಿಸಿಲು ಬಿತ್ತು ಎಂದರೆ ತನ್ನ ಮಂಚ ಸರಿಸಬೇಕು. ಮೇಕೆ ಹಸಿದಿದೆ ಎಂದರೆ ತನಗೆ ಗಂಜಿ ತರಬೇಕು. ದೊಡ್ಡ ಗಂಡಸರು ಯಾರೇ ಬಂದರೂ ಅದೇ ಪದ್ಧತಿ.

ತುಂಗಾಬಾಯಿ ಪಡಸಾಲೆಯಲ್ಲಿ ಚಾಪೆ ಹಾಸಿ ದಿಂಬು ಕೊಟ್ಟರು. ಮೂಕಪ್ಪನ ರೆಪ್ಪೆಗಳು ಇನ್ನೇನು ಕೂಡಬೇಕು, ಪಕ್ಕದ ಮನೆಯ ಲಿಂಗಕ್ಕ ಬಂದಳು.

"ಮೂಕಣ್ಣಾ, ನಿದ್ದಿ ಬಂತಾ?"

"ಬರಾಕ ಹತ್ತಿತ್ತು."

"ಸರೆ ಸರೆ, ಮಲಕ್ಕ. ಗಂಜಿಗೆ ಉಪ್ಪು ಯಾವಾಗ ಹಾಕ್ತಿ ಅಂತ ರಾಯರು ಕೇಳಿದ್ರು."

ಹೇಳಿ ಕಳಿಸಿ ಮಗ್ಗುಲಾದ. ಅರ್ಧ ಕನಸು ಬಿದ್ದಿತ್ತೋ ಇಲ್ಲವೋ, ಲಿಂಗಕ್ಕ ಮತ್ತೆ ಹಾಜರು.

"ಮೂಕಣ್ಣಾ, ನಿಮ್ಮ ಮೇಕಿ ದಿನಾ ಗಂಜಿ ಕುಡಿತೈತಾ?"

"ಮೇಕಿ ಗಂಜಿ ಯಾಕ ಕುಡಿತೈತಿ?"

"ರಾಯರು ಲೋಟ ಹಿಡದು ಕುಡಸ್ಯಾರ. ಮೇಕಿ ಹಸದೈತಿ ಅಂತ ಕೊಟ್ರಕ್ಕ ಅಂದ್ಲಲ್ಲ! ಈಗ ಮೇಕಿಗೆ ಮಗ್ಗಲು ನೋಯ್ತೈತಿ ಅಂದಾಳ. ರಾಯರು ಅದನ್ನ ಆ ಮಗ್ಗಲಿಗೆ ಮಲಗಸಾಕ ನಾಕೂ ಕಾಲು ಹಿಡಕಂಡು ಕುಂತಾರ."

"ಅಯ್ಯೋ, ನೀನರ ಹೇಳಬಾರದಾ?"

"ಹೇಳೀನಪ್ಪಾ. ರೋಗಿ ಮಾತಿಗೆ ಎದುರಾಡಬ್ಯಾಡ ಅಂತ ನನಗೇ ಬೈದ್ರು."

ಅಷ್ಟರಲ್ಲಿ ಎದುರಿನ ಅಂಗಳದಿಂದ ಮೇಕೆಯ ಕೂಗು, ಅದರ ಬೆನ್ನಿಗೇ ರಾಯರ ಕೂಗು ಕೇಳಿಬಂತು. ಎರಡರಲ್ಲಿ ಯಾವುದು ಯಾರದು ಎಂದು ಹೇಳುವುದು ಕಷ್ಟವಿತ್ತು.

ಮೂಕಪ್ಪ ಓಡಿದ. ಮೇಕೆ ಹಗ್ಗದ ತುದಿಗೆ ನಿಂತು ಮತ್ತೊಮ್ಮೆ ಗುಮ್ಮಲು ಜಾಗ ಅಳೆಯುತ್ತಿತ್ತು. ರಾಯರು ಪಂಚೆಯ ಮೇಲೆಲ್ಲ ಗಂಜಿ ಚೆಲ್ಲಿಕೊಂಡು, ಸೊಂಟ ಹಿಡಿದು, ಒಣಗಲು ಹಾಕಿದ ಹಪ್ಪಳದಂತೆ ಅಂಗಾತ ಬಿದ್ದಿದ್ದರು. ಕೊಟ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಮಂಚ ಅಲುಗಾಡುವಂತೆ ನಗುತ್ತಿದ್ದಳು. ಲಕ್ವಾ ಹೊಡೆದ ಮೇಲೆ ಆಕೆ ನಕ್ಕದ್ದು ಅದೇ ಮೊದಲು. ಬೈಯಬೇಕೆಂದು ಬಂದಿದ್ದ ಮೂಕಪ್ಪನಿಗೂ ನಗು ತಡೆಯಲಾಗಲಿಲ್ಲ.

ರಾಯರನ್ನು ಎತ್ತಿ ಇನ್ನೊಂದು ಮಂಚಕ್ಕೆ ಹಾಕಿದ. ಎಣ್ಣೆ ಬಟ್ಟಲು ತಂದ.

"ಏ ಮೇಕಿ, ಎಣ್ಣಿ ಬಿಸಿ ಮಾಡಿ ಹಚ್ಚಬೇಕು ಅನ್ನು, ತಣ್ಣಂದು ಹಿಡಿಯಾದಿಲ್ಲ," ಎಂದಳು ಕೊಟ್ರಮ್ಮ.

ಮೂಕಪ್ಪನ ಮುಖ ನೋಡಲು ನಾಚಿ, ರಾಯರೂ ಮೇಕೆಯ ಕಡೆ ತಿರುಗಿ, "ಒಂದು ಗುಟುಕು ನೀರು ಸಿಕ್ಕಿದ್ರ ಛಲೋ ಇತ್ತು," ಎಂದರು.

ನೀರು ಕೊಟ್ಟು, ಸೊಂಟಕ್ಕೆ ಬಿಸಿ ಎಣ್ಣೆ ತಿಕ್ಕಿ, ಅತ್ತೆಗೆ ಹೊಸ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ ಮೂಕಪ್ಪ ಎದ್ದ. ಹೊತ್ತು ಇನ್ನೂ ಇತ್ತು. ರಾಯರನ್ನು ಅವರ ಹೆಂಡತಿಗೆ ಒಪ್ಪಿಸಿದರೆ ಅತ್ತೆಯ ಮಂಚದ ಕೆಳಗಾದರೂ ಒಂದು ಗಳಿಗೆ ಒರಗಬಹುದು ಎಂಬ ಆಸೆಯಿಂದ ಎದುರುಮನೆಗೆ ನಡೆದ.

ಪಡಸಾಲೆಯಲ್ಲಿ ಅವನು ಬಿಟ್ಟುಹೋದ ಚಾಪೆಯ ಮೇಲೆ ತುಂಗಾಬಾಯಿ ಮಲಗಿದ್ದರು. ಅದು ಒರಗಿದ್ದಲ್ಲ, ಗಾಢ ನಿದ್ದೆ. ಸಣ್ಣಗೆ ಗೊರಕೆಯೂ ಬರುತ್ತಿತ್ತು.

"ಅಮ್ಮೋರೇ..."

ಒಂದು ಕಣ್ಣು ಅರ್ಧ ತೆರೆಯಿತು. "ಏನಪಾ? ನಮ್ಮವರಿಗೆ ಏನರ ಆತಾ?"

"ಏನಿಲ್ರಿ, ಸೊಂಟ ಹಿಡದೈತಿ. ನಮ್ಮನ್ಯಾಗ ಮಲಗ್ಯಾರ."

"ಎದ್ದು ಬರೋದಕ್ಕ ಆಗೋದಿಲ್ಲೇನು?"

"ಸಂಜೀತನ ಆಗಾದಿಲ್ರಿ."

ತುಂಗಾಬಾಯಿಯ ಮುಖದಲ್ಲಿ ಹಬ್ಬದ ಕಳೆ ಮೂಡಿತು. "ಹಂಗಿದ್ರ ಅಲ್ಲೇ ಇರಲಿ. ಊಟಕ್ಕ ಮೊದಲು ಬಿಳಿ ಮಾತ್ರಿ, ಆಮ್ಯಾಲೆ ಹಳದಿ. ಸಕ್ಕರಿ ಕೇಳ್ತಾರ, ಕೊಡಬ್ಯಾಡ. ಅವರ ಎದಿ ಆಪರೇಷನ್ ಆದಾಗಿಂದ ನಾ ಮಧ್ಯಾಹ್ನ ಮಲಗಿದ್ದೇ ಇವತ್ತಪಾ. ನೀ ಛಲೋ ನೋಡ್ಕೋತೀಯಂತ ಅವರೇ ಹೇಳ್ತಿದ್ರಲ್ಲ."

ಮಾತ್ರೆ ಅವನ ಕೈಗೆ ಬಂತು. ಕಣ್ಣು ಮುಚ್ಚಿತು. ಮೂಕಪ್ಪ ಸದ್ದಾಗದಂತೆ ಬಾಗಿಲೆಳೆದುಕೊಂಡು ಬಂದ.

"ಆಕಿ ಎಲ್ಲಿ?" ಎಂದರು ರಾಯರು.

"ಮಲಗ್ಯಾರ್ರಿ. ನಿಮ್ಮ ಎದಿ ಆಪರೇಷನ್ ಆದಾಗಿಂದ ಇವತ್ತೇ ಅಂತ, ಮಧ್ಯಾಹ್ನ ಮಲಗಿದ್ದು."

ರಾಯರು ಎದುರುಮನೆಯ ಮುಚ್ಚಿದ ಬಾಗಿಲನ್ನೇ ನೋಡಿದರು. ಕೊನೆಗೆ, "ನಿನ್ನ ನಿದ್ದಿ ನನ್ನ ಮ್ಯಾಲೆ ಸಾಲ ಉಳೀತು, ಮೂಕಪ್ಪಾ," ಎಂದರು.

"ನಂದು ಇವತ್ತಿನ ಸಾಲ, ಕಾಯ್ತೈತಿ ಬಿಡ್ರಿ." ಮೂಕಪ್ಪ ಮಾತ್ರೆಯನ್ನು ಅವರ ಅಂಗೈಗೆ ಹಾಕಿದ. "ಮೊದಲು ಅಮ್ಮೋರದು ತೀರಸ್ರಿ."